ಎಲೆ-ಅಡಿಕೆಯ ಸುಣ್ಣದಲ್ಲಿ ಟೈಮಿಂಗ್ ಹೊಂದಿಸಿದ ಅಣ್ಣನಿಗೆ

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ದಾವಣಗೆರೆಗೆ ಮದುವೆಗೆ ಹೊರಟಿದ್ದೆ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು. ಚಿತ್ರದುರ್ಗ ದಾಟುವಷ್ಟರಲ್ಲಿ ಎಳೆಯೋದೇ ನಿಲ್ಲಿಸಿತು. ಎಂಜಿನ್ ಕಾದು ಕೆಂಡ, ಸೈಲೆನ್ಸರ್‌ನಲ್ಲಿ ಪಟಾಕಿ.

ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದ ಒಬ್ಬರು ಎದ್ದು ಬಂದರು. ಹಳೇ ಮೆಕ್ಯಾನಿಕ್ ಅಂತೆ. ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಹಿಡಿದು ಅಲ್ಲಾಡಿಸಿದರು. "ನಟ್ ಸಡಿಲ ಐತೆ ಸಾರ್. ಟೈಮಿಂಗ್ ತಪ್ಪೈತೆ, ಅಷ್ಟೇ." ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರೋ ಹೊತ್ತು ತಪ್ಪಿತ್ತು. ಹಿಂದಿನ ವಾರ ಸರ್ವೀಸ್ ಮಾಡಿದವರು ಬಿಗಿ ಮಾಡೋದು ಮರೆತಿದ್ದರು, ಇನ್ನೇನು.

ಮೊದಲು ಅಮ್ಮನನ್ನು ನೆರಳಿಗೆ ಕೂರಿಸಿ ಟೀ ಹೇಳಿದರು. ಆಮೇಲೆ ಎಂಜಿನ್ ಜೊತೆ ತಿರುಗೋ ಕ್ರ್ಯಾಂಕ್ ಪುಲ್ಲಿಯ ಜಿಡ್ಡು ಒರೆಸಿ, ಉಗುರಲ್ಲಿ ತಡಕಿ ಟೈಮಿಂಗ್ ಗುರುತು ಹುಡುಕಿದರು. ಕಾಣಲಿ ಅಂತ ಎಲೆ-ಅಡಿಕೆ ಚೀಲದಿಂದ ಸುಣ್ಣ ತೆಗೆದು ಅದರ ಮೇಲೆ ಒಂದು ಬೊಟ್ಟು! ಮೊದಲನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿಕೊಂಡು, "ಟಾಪ್ ಗೇರಿಗೆ ಹಾಕಿ, ಮೆತ್ತಗೆ ತಳ್ಳಿ" ಅಂದರು. ಗಾಳಿ ಬೆರಳನ್ನು ನೂಕಿತು. ಸುಣ್ಣದ ಬೊಟ್ಟು ಎಂಜಿನ್ ಮೇಲಿನ ಗುರುತಿಗೆ ಸರಿಯಾಗಿ ಬಂದಾಗ "ಸಾಕು!"

ಟೈಮಿಂಗ್ ನೋಡೋ ಲೈಟ್ ಅಲ್ಲಿ ಎಲ್ಲಿಂದ ಬರಬೇಕು? ಕಿಡಿಗೆ ಕರೆಂಟ್ ಕೊಡೋ ಕಾಯಿಲ್‌ಗೊಂದು ವೈರು, ಬಾಡಿಗೊಂದು ವೈರು, ನಡುವೆ ಇಂಡಿಕೇಟರ್ ಬಲ್ಬು. ಇಗ್ನಿಷನ್ ಆನ್ ಮಾಡಿಸಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರು. ಅದರೊಳಗಿನ ಪಾಯಿಂಟ್ (ಕಿಡಿ ಹಾರಿಸೋ ಸ್ವಿಚ್ಚು) ಬಿಟ್ಟ ಕ್ಷಣ ಬಲ್ಬು ಹತ್ತಿತು. ಅಲ್ಲೇ ನಟ್ ಬಿಗಿ.

ಒಂದೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್. ನನಗೆ ಜೀವ ಬಂದಂತಾಯಿತು.

ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಟೀ ದುಡ್ಡು ಕೊಡೋಣ ಅಂದರೆ ಅದನ್ನೂ ಅವರೇ ಕೊಟ್ಟಾಗಿತ್ತು. ಹೆಸರು ಕೇಳೋದು ಮರೆತೆ ಅಣ್ಣ, ಕ್ಷಮಿಸಿ. ಮುಹೂರ್ತಕ್ಕೆ ಸರಿಯಾಗಿ ತಲುಪಿದೆವು. ಪುಲ್ಲಿ ಮೇಲೆ ನಿಮ್ಮ ಸುಣ್ಣ ಇನ್ನೂ ಇದೆ.