ಬೆಟ್ಟ ನೋಡಿದವನ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಈಚೆಗೆ ನನ್ನ ಓದೆಲ್ಲ ವಿಲಿಯಂ ಹ್ಯಾಮಿಲ್ಟನ್ನನ ಸುತ್ತಲೇ ನಡೆದಿದೆ. 1764ರಲ್ಲಿ ಬ್ರಿಟನ್ನಿನ ರಾಯಭಾರಿಯಾಗಿ ಇಟಲಿಯ ನೇಪಲ್ಸ್‌ಗೆ ಹೋದ ಈ ಕುಲೀನ, ದರ್ಬಾರಿನಿಂದ ಬಿಡುವು ಸಿಕ್ಕಾಗಲೆಲ್ಲ ಅಲ್ಲಿನ ಜ್ವಾಲಾಮುಖಿ ವೆಸೂವಿಯಸ್ಸನ್ನು ಹತ್ತಿ, ಕಂಡದ್ದನ್ನು ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಗೆ ಪತ್ರಗಳಲ್ಲಿ ಬರೆಯುತ್ತಿದ್ದ. 1767ರ ಅಕ್ಟೋಬರ್ 19ರಂದು ಅವನು ಮಾರ್ಗದರ್ಶಿಯೊಬ್ಬನೊಡನೆ ಬೆಟ್ಟದ ಮೇಲಿದ್ದಾಗಲೇ ಅದರ ಮಗ್ಗುಲು ದೊಡ್ಡ ಸದ್ದಿನೊಡನೆ ಸೀಳಿ, ಬೆಂಕಿಯ ಕಾರಂಜಿ ಮೇಲೆ ಚಿಮ್ಮಿ, ಲಾವಾ ಇವರತ್ತಲೇ ಹರಿಯತೊಡಗಿತು. ಕಪ್ಪು ಹೊಗೆ ಕವಿದು, ಬೂದಿ ಸುರಿದು, ನೆಲ ನಡುಗುತ್ತಿರಲು, ಮಾರ್ಗದರ್ಶಿಯ ಬೆನ್ನಿಗೆ ಅವನೂ ಸುಮಾರು ಮೂರು ಮೈಲಿ ನಿಲ್ಲದೆ ಓಡಿದ. ಓಡಿದ್ದನ್ನು ಮುಚ್ಚಿಡದೆ ಬರೆದ, ಮತ್ತೆ ಹತ್ತಿದ. ಕೊರಕಲುಗಳ ಗೋಡೆಯಲ್ಲಿ ಬೂದಿ, ಲಾವಾ, ನಡುವೆ ಫಲವತ್ತಾದ ಮಣ್ಣು ಪದರಪದರವಾಗಿ ಕೂತಿರುವುದನ್ನು ನೋಡಿ, ಇಂಥ ಬೆಟ್ಟಗಳನ್ನು ಸ್ಫೋಟಗಳೇ ದೀರ್ಘಕಾಲ ಕಟ್ಟಿವೆಯೆಂದು ಅವನು ತೀರ್ಮಾನಿಸಿದ್ದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಆದರೆ ನನ್ನನ್ನು ಕಾಡಿದವನು ಅವನಲ್ಲ, ಆಂಟೋನಿಯೊ ಪಿಯಾಜಿಯೊ ಎಂಬ ಪಾದ್ರಿ. ವೆಸೂವಿಯಸ್ ಹಿಂದೆಂದೋ ಹೂತುಹಾಕಿದ ರೋಮನ್ ಊರು ಹರ್ಕ್ಯುಲೇನಿಯಂನಲ್ಲಿ ಸಿಕ್ಕ, ಇದ್ದಿಲಾದ ಪಪೈರಸ್ ಹಸ್ತಪ್ರತಿಗಳ ಸುರುಳಿಗಳನ್ನು ರೇಷ್ಮೆ ದಾರಗಳಿಂದ ತೂಗಿಸಿ ಕೂದಲೆಳೆಯಷ್ಟೇ ಬಿಚ್ಚುವ ಯಂತ್ರವನ್ನು ಕಟ್ಟಿದವನು ಅವನೇ. 1779ರಿಂದ ಸುಮಾರು ಹದಿನೈದು ವರ್ಷ, ಹ್ಯಾಮಿಲ್ಟನ್ನನ ಕೋರಿಕೆಯಂತೆ, ಅವನು ವೆಸೂವಿಯಸ್ಸಿನ ದಿನಚರಿ ಬರೆದ. ಬೆಟ್ಟ ಏನೂ ಮಾಡದ ದಿನಗಳಲ್ಲೂ ಅದರ ಹೊಗೆಯ ವಾಲಿಕೆಯನ್ನು ಗೆರೆಗಳಲ್ಲಿ ಹಿಡಿದ. ಆ ದಿನಚರಿ ಎಂಟು ಸಂಪುಟಗಳಷ್ಟಾಯಿತು. ಖ್ಯಾತಿ ಮಾತ್ರ ರಾಯಭಾರಿಗೆ ಸಂದಿತು.

ಇದನ್ನು ಓದುತ್ತ ನನಗೆ ಅಪ್ಪನ ಕೊನೆಯ ತಿಂಗಳುಗಳು ನೆನಪಾದವು. ಉಸಿರಿನ ಎಣಿಕೆ, ಜ್ವರ, ಕುಡಿದ ನೀರು, ಎಲ್ಲವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದುದು ನಿನಗೆ ಗೊತ್ತು, ಎಲ್ಲರೂ ಮೆಚ್ಚಿದ್ದರು. ಬರೆಯುತ್ತಿರುವಷ್ಟು ಹೊತ್ತು ಅವರ ಮುಖ ನೋಡಬೇಕಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಪಿಯಾಜಿಯೊ ನಿಷ್ಠೆಯಿಂದ ನೋಡಿದನೋ, ಭಯವನ್ನು ದೂರವಿಡಲು ನೋಡಿದನೋ ಎಂದು ಕೇಳುವಾಗ ನಾನು ಕೇಳುತ್ತಿರುವುದು ನನ್ನನ್ನೇ. 1794ರ ಜೂನಿನಲ್ಲಿ ಲಾವಾ ಟೋರೆ ಡೆಲ್ ಗ್ರೆಕೊ ಊರನ್ನು ನುಂಗಿ ಸಮುದ್ರ ಸೇರಿದಾಗ, ಅಷ್ಟು ವರ್ಷಗಳ ದಿನಚರಿಯಿಂದ ಒಂದು ಮನೆಯನ್ನೂ ಉಳಿಸಲಾಗಲಿಲ್ಲ. ಆದರೂ ಬೆಟ್ಟ ಸುಮ್ಮನಿದ್ದ ದಿನಗಳನ್ನು ಅವನು ಬರೆದಿಟ್ಟದ್ದರಿಂದಲೇ, ಅದು ಸಿಡಿಯುವ ಮುನ್ನ ಹೇಗಿತ್ತೆಂದು ಇಂದು ಹೋಲಿಸಿ ನೋಡಬಹುದು ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಎಲ್ಲರೂ ಓದುವ ಕಾಗದದಲ್ಲಿ ಇಷ್ಟು ಸಾಕು. ಹ್ಯಾಮಿಲ್ಟನ್ 1776ರಲ್ಲಿ ಪ್ರಕಟಿಸಿದ ‘ಕಾಂಪಿ ಫ್ಲೆಗ್ರೇಯಿ’ ಎಂಬ ಪುಸ್ತಕಕ್ಕಾಗಿ ಕಲಾವಿದ ಪಿಯೆತ್ರೊ ಫಾಬ್ರಿಸ್ ಬರೆದ 54 ಚಿತ್ರಗಳನ್ನು ನೀನು ಬಂದಾಗ ಒಟ್ಟಿಗೆ ನೋಡೋಣ. ರಾತ್ರಿಯ ಲಾವಾವನ್ನು ಹ್ಯಾಮಿಲ್ಟನ್ ನೇಪಲ್ಸ್‌ನ ರಾಜನಿಗೂ ರಾಣಿಗೂ ತೋರಿಸುತ್ತಿರುವ ಚಿತ್ರವೊಂದಿದೆ. ಅದರಲ್ಲಿ ರಾಣಿಯ ಪಾತ್ರ ಎಂದಿನಂತೆ ನಿನ್ನದೇ, ನಿನಗೆ ಛತ್ರಿ ಮಾತ್ರ ಈ ಸಲ ನಾನು ಹಿಡಿಯುವುದಿಲ್ಲ.

ನಿನ್ನವನು