ಯಾವ ಎಣ್ಣೆಯಲ್ಲಿ ಕರಿದದ್ದು ಎಂಬುದನ್ನು ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ಐದು ರೂಪಾಯಿಯ ಬಿಸ್ಕತ್ ಪೊಟ್ಟಣವೊಂದನ್ನು ಹಿಂದುಮುಂದಾಗಿಸಿ, ಅಂಟಿಸಿದ ಅಂಚಿನ ಬಳಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಓದಿದರೆ, ಸಾಮಾನ್ಯವಾಗಿ ಮೈದಾ, ಸಕ್ಕರೆಗಳ ಬೆನ್ನಿಗೇ ತಾಳೆ ಎಣ್ಣೆ ಅಥವಾ ಅದರದೇ ತಿಳಿ ಭಾಗವಾದ ಪಾಮೋಲಿನ್ ಕಾಣಿಸುತ್ತದೆ. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಎಂಬ ಕ್ರಮದಲ್ಲೇ ಈ ಪಟ್ಟಿಯನ್ನು ಬರೆಯಬೇಕೆಂಬ ನಿಯಮವಿರುವುದರಿಂದ, ಮೂರನೆಯ ಸ್ಥಾನದಲ್ಲಿರುವ ವಸ್ತು ನಾಮಕಾವಸ್ತೆಗೆ ಸೇರಿಸಿದ್ದಲ್ಲ. ನೂಡಲ್ಸ್, ಚಿಪ್ಸ್, ರಸ್ಕ್, ಕೇಕಿನ ಮೇಲಿನ ಅಗ್ಗದ ಕ್ರೀಮ್ ಇವುಗಳ ಕಥೆಯೂ ಬಹುಮಟ್ಟಿಗೆ ಇದೇ. ತಾಳೆ ಎಣ್ಣೆಯ ಕ್ಯಾನನ್ನು ಎಂದೂ ಮನೆಗೆ ತಾರದ ಕುಟುಂಬವೂ ಹೀಗೆ ದಿನನಿತ್ಯ ಅದನ್ನು ತಿನ್ನುತ್ತಿದೆ, ಮತ್ತು ತಿನ್ನುತ್ತಿರುವುದು ಅದಕ್ಕೆ ಗೊತ್ತಿಲ್ಲ. ಈ ಗೊತ್ತಿಲ್ಲದಿರುವಿಕೆಯ ಬಗ್ಗೆಯೇ ನನ್ನ ಆಕ್ಷೇಪ.

ತಾಳೆ ಎಣ್ಣೆ ವಿಷವಲ್ಲ. ಹಾಗೆಂದು ಹಬ್ಬಿಸುವ ವಾಟ್ಸ್‌ಆ್ಯಪ್ ಸಂದೇಶಗಳಿಂದ ಯಾರಿಗೂ ಉಪಕಾರವಾಗದು. ಆದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಇರುತ್ತದೆ. ಶೇಂಗಾ ಎಣ್ಣೆಯಲ್ಲಿ ಇದು ಐದನೇ ಒಂದು ಭಾಗವನ್ನು ಮೀರುವುದು ಅಪರೂಪ. ಪರ್ಯಾಪ್ತ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟು ಕ್ಯಾಲರಿಯ ಶೇ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲರಿ ಉಣ್ಣುವವರ ಲೆಕ್ಕದಲ್ಲಿ ಅದು ಸುಮಾರು 22 ಗ್ರಾಂ. ತೆಂಗಿನೆಣ್ಣೆಯಲ್ಲಿ ಇದಕ್ಕಿಂತಲೂ ಹೆಚ್ಚು ಪರ್ಯಾಪ್ತ ಕೊಬ್ಬಿದೆಯಲ್ಲ ಎಂದು ಕರಾವಳಿಯ ಓದುಗರು ಕೇಳಬಹುದು. ನಿಜ, ಇದೆ. ಆದರೆ ಅವರು ಅದನ್ನು ತಿಳಿದೇ ಒಗ್ಗರಣೆಗೆ ಹಾಕುತ್ತಾರೆ. ಇಲ್ಲಿ ಹಾಗಲ್ಲ. ಇನ್ನು, ಪ್ಯಾಕೆಟ್ಟಿನ ಮುಂಭಾಗದಲ್ಲಿ ದಪ್ಪಕ್ಷರಗಳಲ್ಲಿ ಮೆರೆಯುವ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಮಾತು ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುವಂಥದ್ದು, ಏಕೆಂದರೆ ಸಸ್ಯಮೂಲದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ; ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದು ಪರ್ಯಾಪ್ತ ಕೊಬ್ಬು.

ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ವನಸ್ಪತಿಯಲ್ಲಿದ್ದ, ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇ 2ರ ಮಿತಿ ಬಂದದ್ದು ಒಳ್ಳೆಯ ಕ್ರಮವೇ. ಆದರೆ ಆ ಜಾಗವನ್ನು ತುಂಬಲು ಬೇಕರಿ ಉದ್ಯಮಕ್ಕೆ ಸುಲಭವಾಗಿ ಒದಗಿದ್ದು, ಹೈಡ್ರೋಜನ್ ಹಾಯಿಸದೆಯೇ ಅರೆಗಟ್ಟಿಯಾಗಿ ನಿಲ್ಲುವ ತಾಳೆಯ ಕೊಬ್ಬು. ಎಣ್ಣೆಯನ್ನು 200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸಂಸ್ಕರಿಸುವಾಗ ಹುಟ್ಟುವ ಗ್ಲಿಸಿಡೈಲ್ ಎಸ್ಟರ್‌ಗಳೆಂಬ ರಾಸಾಯನಿಕಗಳು ಆರೋಗ್ಯಕ್ಕೆ ಆತಂಕಕಾರಿಯೆಂದೂ ಅವು ತಾಳೆ ಎಣ್ಣೆಯಲ್ಲಿ ಅತಿ ಹೆಚ್ಚಾಗಿ ಕಂಡುಬಂದವೆಂದೂ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ.

ಪರಿಸರದ ಮಾತಿಗೆ ಬಂದರೆ, ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು, ಅದರಲ್ಲಿ ಬಹುಪಾಲು ಬರುವುದು ಇಂಡೊನೇಷ್ಯಾ ಮತ್ತು ಮಲೇಷ್ಯಾಗಳಿಂದ. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿ ತಾಳೆ ತೋಟಗಳಿಗಾಗಿ ಮಳೆಕಾಡುಗಳು ಉರುಳಿವೆ, ಒರಾಂಗುಟಾನ್‌ಗಳು ಅಳಿವಿನ ಅಂಚಿಗೆ ಬಂದಿವೆ. 2015ರಲ್ಲಿ ಇಂಡೊನೇಷ್ಯಾದಲ್ಲಿ ಬೆಂಕಿಗೆ ಆಹುತಿಯಾದದ್ದು ಸುಮಾರು 26 ಲಕ್ಷ ಹೆಕ್ಟೇರ್. ನೀರು ಬಸಿದು ಒಣಗಿಸಿದ ಜೌಗು ನೆಲ ಒಳಗೊಳಗೇ ಉರಿದು, ಅದರ ಹೊಗೆ ಸಿಂಗಪುರವನ್ನೂ ಮುಸುಕಿತ್ತು. ಹಾಗೆಂದು ತಾಳೆಯನ್ನು ಬಹಿಷ್ಕರಿಸಿದರೆ ಕಾಡು ಉಳಿಯುತ್ತದೆಯೇ? ಒಂದು ಹೆಕ್ಟೇರಿನಲ್ಲಿ ತಾಳೆ ಕೊಡುವಷ್ಟು ಎಣ್ಣೆಯನ್ನು ಸೋಯಾದಿಂದ ಪಡೆಯಲು ಹಲವು ಪಟ್ಟು ಹೆಚ್ಚು ನೆಲ ಬೇಕು, ಮತ್ತು ಆ ನೆಲ ಇನ್ನೊಂದು ದೇಶದ ಕಾಡೇ ಆಗಿರಬಹುದು. ಒಟ್ಟು ಎಣ್ಣೆಯ ಬಳಕೆಯನ್ನೇ ತಗ್ಗಿಸದೆ ಬೇರೆ ದಾರಿಯಿಲ್ಲ. ಕೇಂದ್ರ ಸರ್ಕಾರವಾದರೋ 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಅಭಿಯಾನವನ್ನು ಪ್ರಕಟಿಸಿ, ಈಶಾನ್ಯ ರಾಜ್ಯಗಳನ್ನೂ ಅಂಡಮಾನನ್ನೂ ಅದರ ಮುಖ್ಯ ನೆಲೆಯಾಗಿ ಆರಿಸಿಕೊಂಡಿತು. ಹೊರಗಿನ ಕಾಡಿನ ಮೇಲಿನ ಒತ್ತಡವನ್ನು ನಮ್ಮದೇ ಕಾಡುಗಳ ಮೇಲೆ ಎಳೆದುಕೊಳ್ಳುವ ಈ ಆಯ್ಕೆ ನನಗಂತೂ ಅರ್ಥವಾಗಿಲ್ಲ.

ನಮ್ಮ ಚಳ್ಳಕೆರೆಯನ್ನು ಒಂದು ಕಾಲದಲ್ಲಿ ಎಣ್ಣೆ ನಗರವೆಂದೇ ಕರೆಯುತ್ತಿದ್ದರು. ಸುತ್ತಲಿನ ಮಳೆಯಾಶ್ರಿತ ಹೊಲಗಳ ಶೇಂಗಾ ಇಲ್ಲಿನ ಮಿಲ್ಲುಗಳಲ್ಲಿ ಎಣ್ಣೆಯಾಗಿ, ಹಿಂಡಿಯಾಗಿ ಹೊರಹೋಗುತ್ತಿತ್ತು. 1986ರ ಎಣ್ಣೆಬೀಜ ಅಭಿಯಾನದ ನಂತರ ದೇಶ ಖಾದ್ಯ ತೈಲದಲ್ಲಿ ಬಹುತೇಕ ಸ್ವಾವಲಂಬನೆ ಸಾಧಿಸಿದ್ದೂ ಉಂಟು. 1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೂ ಮುಕ್ತವಾಯಿತು, ಮುಂದಿನ ಕೆಲವು ವರ್ಷ ಸುಂಕವೂ ಇಳಿಯುತ್ತಾ ಹೋಯಿತು. ಮಿಲ್ಲುಗಳು ಮುಚ್ಚಲು ಬರಗಾಲವೂ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಗ್ಗದ ಆಮದು ಎಣ್ಣೆಯ ಎದುರು ಶೇಂಗಾ ಬೆಳೆಗಾರ ನಿಲ್ಲಲಾಗದೆ ಹೋದದ್ದೂ ಅಷ್ಟೇ ನಿಜ. ಇಂದಿಗೂ ಸುಂಕದ ನೀತಿಗೆ ಸ್ಥಿರತೆಯಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿದ ಸರ್ಕಾರ, 2025ರ ಮೇ ಕೊನೆಯಲ್ಲಿ, ಅಂದರೆ ರೈತರು ಮುಂಗಾರು ಬಿತ್ತನೆಗೆ ಬೀಜ ಹೊಂದಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ಅದನ್ನು ಶೇ 10ಕ್ಕೆ ಇಳಿಸಿತು.

ಸುಂಕ ಕೇಂದ್ರದ ಕೈಯಲ್ಲಿದೆ, ಇರಲಿ. ರಾಜ್ಯದ ಕೈಯಲ್ಲಿರುವ ಕೆಲಸವಾದರೂ ಆಗಬೇಡವೇ? ಆಹಾರದ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ಸಾಕೆನ್ನುವ ಕೇಂದ್ರದ ನಿಯಮ, ಇತರ ಭಾಷೆಗಳನ್ನು ತಯಾರಕರ ಇಚ್ಛೆಗೆ ಬಿಟ್ಟಿದೆ. ಜೊತೆಗೆ ಕನ್ನಡವನ್ನೂ ಬಳಸಲು ಅಡ್ಡಿಯೇನಿಲ್ಲ. ಇಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಈಗಾಗಲೇ ಹೇಳಿರುವಾಗ, ತಿನ್ನುವ ವಸ್ತುಗಳ ಮಟ್ಟಿಗೆ ಅದನ್ನು ಪದಾರ್ಥಗಳ ಪಟ್ಟಿಗೂ ವಿಸ್ತರಿಸಬೇಕು.

ಪೊಟ್ಟಣವೇ ಇಲ್ಲದ ತಿಂಡಿಗಳದು ಇನ್ನೂ ದೊಡ್ಡ ಸಮಸ್ಯೆ. ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಭರಣಿಗಳಲ್ಲಿರುವ ಖಾರಾಬೂಂದಿ, ನಿಪ್ಪಟ್ಟು, ಕೋಡುಬಳೆಗಳನ್ನು ಯಾವ ಎಣ್ಣೆಯಲ್ಲಿ ಕರಿದರು, ಬೇಕರಿಯ ಪಫ್‌ಗೆ ಯಾವ ಕೊಬ್ಬು ಬಿತ್ತು ಎಂಬುದು ಗಿರಾಕಿಗೆ ತಿಳಿಯುವುದೇ ಇಲ್ಲ. ಕೇಳಿದರೆ ‘ರಿಫೈಂಡ್ ಸಾರ್’ ಎನ್ನುತ್ತಾರೆ. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಗಳ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕೆಂದು ಬರೆದಿಡುವ ನಿಯಮ 2020ರ ಅಕ್ಟೋಬರಿನಲ್ಲೇ ಜಾರಿಗೆ ಬಂದಿದೆ. ಅದೇ ಚೀಟಿಯಲ್ಲಿ ಎಣ್ಣೆಯ ಹೆಸರನ್ನೂ ಸೇರಿಸಿ, ಖಾರದ ತಿಂಡಿಗಳಿಗೂ ಅದನ್ನು ಅನ್ವಯಿಸಬೇಕೆಂದು ರಾಜ್ಯವು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವನ್ನು ಒತ್ತಾಯಿಸಲಿ. 2024ರಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣಗಳನ್ನು ಪತ್ತೆ ಮಾಡಲು ಬೀದಿಗಿಳಿದಿದ್ದ ಆಹಾರ ಸುರಕ್ಷತಾ ಅಧಿಕಾರಿಗಳು, ಮುಂದಿನ ತಪಾಸಣೆಯಲ್ಲಿ ಬಾಣಲೆಯ ಎಣ್ಣೆ ಯಾವುದೆಂದೂ ಕೇಳಿ, ಜಿಲ್ಲಾವಾರು ವರದಿಯನ್ನು ಕನ್ನಡದಲ್ಲಿ ಪ್ರಕಟಿಸಲಿ.

– ಓದುಗ, ಚಳ್ಳಕೆರೆ