ಹೊಟ್ಟೆಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿಕೊಂಡವರಿಗೆ

ಐಬಿಎಸ್ (ಹೊಟ್ಟೆನೋವು, ಭೇದಿ, ಮಲಬದ್ಧತೆ ಮರುಕಳಿಸುತ್ತಿರುವ ಕರುಳಿನ ತೊಂದರೆ) ಇರುವ ನಮ್ಮ ಗುಂಪಿನ ಆರು ತಿಂಗಳ ಚಿಕಿತ್ಸೆ ಒಂದು ಹಂತಕ್ಕೆ ಬಂದಿದೆ. ಎಲ್ಲರ ಪರವಾಗಿ ಈ ನಾಲ್ಕು ಮಾತು.

ಮೊದಲ ನಮಸ್ಕಾರ ವೈದ್ಯರಿಗೆ. ಹಿಮೋಗ್ಲೋಬಿನ್, ಸೀಲಿಯಾಕ್ ಪರೀಕ್ಷೆ (ಗೋಧಿಯ ಗ್ಲೂಟೆನ್‌ನಿಂದ ಕರುಳು ಕೆಡುವ ಕಾಯಿಲೆಗೆ), ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪರೀಕ್ಷೆ) ನೋಡಿದಿರಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇವೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದಿರಿ. ಆಮೇಲೆಯೇ ಕಾಯಿಲೆಯ ಹೆಸರು ಹೇಳಿದಿರಿ. 'ರಿಪೋರ್ಟ್ ಎಲ್ಲ ನಾರ್ಮಲ್, ಟೆನ್ಷನ್ ಬಿಡಿ' ಎಂದು ಸಾಗಹಾಕಲಿಲ್ಲ. ಕೆಲವರಿಗೆ ರಾತ್ರಿ 10 ಮಿ.ಗ್ರಾಂ ಅಮಿಟ್ರಿಪ್ಟಿಲಿನ್ ಬರೆದಾಗ, ಇದು ಖಿನ್ನತೆಗೂ ಕೊಡುವ ಮಾತ್ರೆಯಾದರೂ ನಿಮಗೆ ಖಿನ್ನತೆಗಲ್ಲ, ಕರುಳಿನ ನೋವಿನ ಸಂಕೇತ ತಗ್ಗಿಸಲು ಎಂದು ಬಿಡಿಸಿ ಹೇಳಿದಿರಿ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರಿರುತ್ತದೆ, ಮಲಬದ್ಧತೆಯೂ ಆಗಬಹುದು ಎಂದು ಮೊದಲೇ ಗೊತ್ತಿದ್ದರೆ ಯಾರೂ ಹೆದರಿ ಮಾತ್ರೆ ಬಿಡುವುದಿಲ್ಲ.

ಆಹಾರತಜ್ಞರೇ, ಸಾರಿನ ರುಚಿ ಉಳಿಸಿಕೊಟ್ಟವರು ನೀವು. ಬೆಳ್ಳುಳ್ಳಿಯ ಫ್ರಕ್ಟಾನ್ (ಹೊಟ್ಟೆ ಉಬ್ಬರಿಸುವ, ಜೀರ್ಣವಾಗದ ಒಂದು ಬಗೆಯ ಸಕ್ಕರೆ ಸರಪಳಿ) ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಹಾಗಾಗಿ ಕುದಿಯುವ ಸಾರಿಗೆ ಎಸಳು ಹಾಕಿ ಆಮೇಲೆ ತೆಗೆದರೆ ಪ್ರಯೋಜನವಿಲ್ಲ. ಎಣ್ಣೆಯಲ್ಲಿ ಬಾಡಿಸಿ, ಎಸಳು ತೆಗೆದು, ಆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟರೆ ಘಮ ಬರುತ್ತದೆ, ಹೊಟ್ಟೆ ಉಬ್ಬರಿಸುವುದಿಲ್ಲ. (ಆ ಎಣ್ಣೆಯನ್ನು ಮಾಡಿಟ್ಟುಕೊಳ್ಳಬಾರದು, ಮಾಡಿದ ಕೂಡಲೇ ಬಳಸಬೇಕು.) ಹೊಟ್ಟೆ ಉಬ್ಬರಿಸುವ ಇಂಥ ಆಹಾರಗಳನ್ನು ಬಿಡುವ ಪಥ್ಯ ನಾಲ್ಕರಿಂದ ಆರು ವಾರ ಮಾತ್ರ ಎಂದು ಪಟ್ಟು ಹಿಡಿದು, ಆಮೇಲೆ ಹಾಲು, ಗೋಧಿ, ಈರುಳ್ಳಿಯನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿ ಮತ್ತೆ ತಿನ್ನಿಸಿದಿರಿ. ಪಥ್ಯಕ್ಕಿಂತ ಕಷ್ಟದ ಕೆಲಸ ಅದು. ಬಹಳ ಜನ ಅಲ್ಲಿಗೆ ಬರುವುದೇ ಇಲ್ಲ. ಗೋಧಿ ತೌಡು ತಿನ್ನುವುದನ್ನು ನಿಲ್ಲಿಸಿ, 3–4 ಗ್ರಾಂ ಇಸಬ್‌ಗೋಲ್‌ನಿಂದ ಶುರುಮಾಡಿಸಿದ್ದಕ್ಕೂ ವಂದನೆ.

ಮನಶ್ಶಾಸ್ತ್ರಜ್ಞರನ್ನು ಕೊನೆಯ ಉಪಾಯವಾಗಿ ಅಲ್ಲ, ಮೊದಲ ತಿಂಗಳಿಂದಲೇ ಜೊತೆಗಿಟ್ಟುಕೊಂಡದ್ದು ಈ ಚಿಕಿತ್ಸೆಯ ಜೀವಾಳ ಎಂದೇ ನಮ್ಮ ನಂಬಿಕೆ. ಹೊರಡುವ ಮುನ್ನ ಮತ್ತೆಮತ್ತೆ ಶೌಚಕ್ಕೆ ಹೋಗುವುದು, ಪ್ರಯಾಣವೆಂದು ಊಟ ಬಿಡುವುದು ಭಯವನ್ನು ಬೆಳೆಸುತ್ತವೆ. ಗಮನವೆಲ್ಲ ಹೊಟ್ಟೆಯ ಮೇಲಿದ್ದರೆ ಸಣ್ಣ ಗುಡುಗುಡು ಕೂಡ ನೋವಾಗುತ್ತದೆ. ಆ ಭಯ ಬಿಡಿಸಲು ಮೊದಲು ಬಸ್ಸಿನಲ್ಲಿ ಒಂದೇ ಸ್ಟಾಪು, ಆಮೇಲೆ ಮೂರು, ಆಮೇಲೆ ಪೂರ್ತಿ ದಾರಿ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವ ಅಭ್ಯಾಸವನ್ನು ನೋವಿಲ್ಲದ ಹೊತ್ತಿನಲ್ಲೇ ಮಾಡಿಸಿದಿರಿ, ನೋವು ಬಂದಾಗ ಹೊಸದಾಗಿ ಕಲಿಯಲಾಗದು ಎಂದು.

ಮನೆಯವರಿಗೆ ಏನು ಹೇಳುವುದು! ಈರುಳ್ಳಿ ಹಾಕುವ ಮುನ್ನ ಒಂದು ಬಟ್ಟಲು ಪಲ್ಯ ತೆಗೆದಿಟ್ಟಿರಿ, 'ಇವತ್ತು ಹೊಟ್ಟೆ ಹೇಗಿದೆ' ಎಂದು ಗಳಿಗೆಗೊಮ್ಮೆ ಕೇಳುವುದನ್ನೂ ಬಿಟ್ಟಿರಿ. ಎರಡಕ್ಕೂ ನಾವು ಋಣಿಗಳು.